ಐದು ಮೆಟ್ಟಿಲಿನ ಮಹಾಸನ್ನಿಧಾನಕ್ಕೆ ಒಂದು ಅರಿಕೆ

ಇವರಿಂದ:
ನೀರಿನ ಇಲಾಖೆಯೊಂದರ ನಿವೃತ್ತ ಎಂಜಿನಿಯರ್,
ಸದ್ಯ ಬಿಡಾರ ಮಗಳ ಮನೆ, ಯಾರ್ಕ್‌ಷೈರ್, ಇಂಗ್ಲೆಂಡ್

ಇವರಿಗೆ:
ಬಿಂಗ್ಲಿ ಫೈವ್ ರೈಸ್ ಲಾಕ್ ಮಹಾಸನ್ನಿಧಾನದವರು,
ಲೀಡ್ಸ್–ಲಿವರ್‌ಪೂಲ್ ಕಾಲುವೆ, ಬಿಂಗ್ಲಿ

ವಿಷಯ: ತಾವು ಇನ್ನೂ ಗಟ್ಟಿಮುಟ್ಟಾಗಿರುವುದರಿಂದ ನನಗೆ ಆಗುತ್ತಿರುವ ತೊಂದರೆ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಮೂವತ್ತಮೂರು ವರ್ಷ ಕಾಲುವೆ ದಂಡೆಯ ಮೇಲೆ ಸ್ಕೂಟರ್ ಓಡಿಸಿ ನಿವೃತ್ತನಾದವನು. ಸಕ್ಕರೆ, ಬಿ.ಪಿ., ಮಂಡಿನೋವು ಈ ಮೂರನ್ನು ಬಿಟ್ಟರೆ ಇಲಾಖೆಯಿಂದ ಏನನ್ನೂ ಮನೆಗೆ ತಂದವನಲ್ಲ. ಮಗಳು ಕರೆದಳು ಎಂದು ಆರು ತಿಂಗಳ ವೀಸಾದಲ್ಲಿ ಎರಡನೇ ಸಲ ಈ ದೇಶಕ್ಕೆ ಬಂದಿದ್ದೇನೆ. ಇನ್ನು ಮೇಲಾದರೂ ಗೇಟು, ನೀರು, ಸೋರಿಕೆ ಇವುಗಳ ಮುಖ ನೋಡದೆ ಕಾಲ ಕಳೆಯಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಆ ಆಸೆಗೆ ತಾವು ಮೊದಲ ಭಾನುವಾರವೇ ಕಲ್ಲು ಹಾಕಿದಿರಿ. ಅದಕ್ಕಾಗಿ ಮೊಟ್ಟಮೊದಲು ತಮಗೆ ಅನಂತ ವಂದನೆಗಳು.

ಅಳಿಯ "ಮಾವ, ಲಾಕ್ ನೋಡ್ಕೊಂಡು ಬರೋಣ, ಐದು ಲಾಕ್ ಒಂದರ ಮೇಲೊಂದು ಇದೆ" ಎಂದಾಗ ನಮ್ಮ ಮನೆಯವರು, "ಬೀಗ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮನೆ ಬೀರುವಿಗೇ ಮೂರಿದೆ" ಎಂದರು. ಅವರ ಮಾತು ಆಗ ತಮಾಷೆಯಾಗಿ ಕೇಳಿಸಿತು. ಆಮೇಲೆ ಯೋಚಿಸಿದರೆ ಸರಿಯಾಗಿಯೇ ಹೇಳಿದ್ದರು. ತಾವು ಬೀಗವೇ. ನೀರಿಗೆ ಹಾಕಿದ ಬೀಗ, ದೋಣಿಗೆ ಹಾಕಿದ ಬೀಗ, ಈಗ ನನಗೂ ಹಾಕಿದ ಬೀಗ. ವಾರಕ್ಕೆ ಎರಡು ಸಲ ಬಸ್ಸು ಹತ್ತಿ ತಮ್ಮ ದರ್ಶನಕ್ಕೆ ಬರದಿದ್ದರೆ ಊಟ ಸೇರುವುದಿಲ್ಲ ಎನ್ನುವ ಸ್ಥಿತಿಗೆ ತಂದಿಟ್ಟಿದ್ದೀರಿ.

ತಮ್ಮನ್ನು ಕಾಣಬೇಕೆಂದರೆ ಮೊದಲು ಏರು ಹತ್ತಬೇಕು. ಐದು ಅಡಿ ನಡೆದರೆ ಒಂದು ಅಡಿ ಮೇಲೆ. ಈ ದೇಶದ ಲಾಕ್ ಮೆಟ್ಟಿಲುಗಳಲ್ಲೆಲ್ಲ ತಮ್ಮದೇ ಅತಿ ಕಡಿದು ಎಂದು ಜನ ಹೆಮ್ಮೆಯಿಂದ ಹೇಳುತ್ತಾರೆ. ಹೇಳುವವರ ಮಂಡಿ ಚೆನ್ನಾಗಿರಬೇಕು. 320 ಅಡಿ ದೂರದಲ್ಲಿ 59 ಅಡಿ 2 ಅಂಗುಲ ಎತ್ತರವನ್ನು ತಾವು ದೋಣಿಗಳಿಗೆ ಹತ್ತಿಸುತ್ತೀರಿ. ನನಗೆ ಮಾತ್ರ ನನ್ನ ಕಾಲೇ ಗತಿ. ಅರ್ಧ ದಾರಿಯಲ್ಲಿ ನಿಂತು ಏದುಸಿರು ಬಿಡುವಾಗ ಪಕ್ಕದಲ್ಲಿ ಒಂದು ದೋಣಿ, ಒಳಗೆ ಚಹಾ ಕುಡಿಯುತ್ತ ಕೂತ ಒಬ್ಬ ಅಜ್ಜ, ಅವನ ಕಾಲ ಬಳಿ ಮಲಗಿದ ನಾಯಿ, ಎಲ್ಲವೂ ಒಟ್ಟಿಗೆ ಸದ್ದಿಲ್ಲದೆ ಮೇಲೇಳುವುದನ್ನು ನೋಡುವ ಭಾಗ್ಯ ತಾವು ಕರುಣಿಸಿದ್ದೀರಿ. ನಾಯಿ ನನ್ನನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ.

ತಮ್ಮ ಕಾರ್ಯವೈಖರಿಯ ಬಗ್ಗೆ ಎರಡು ಮಾತು. ಗುಡ್ಡಕ್ಕೆ ಒರಗಿಸಿಟ್ಟ ಐದು ಕಲ್ಲುತೊಟ್ಟಿಗಳು. ಒಂದರ ತಲೆಯ ಗೇಟೇ ಅದರ ಮೇಲಿನದಕ್ಕೆ ಕಾಲ ಗೇಟು. ಹಾಗಾಗಿ ಐದು ತೊಟ್ಟಿಗೆ ಗೇಟಿನ ಸಾಲು ಹತ್ತಲ್ಲ, ಆರು. ದೋಣಿ ಕೆಳಗಿನಿಂದ ಬಂದರೆ ತಳದ ತೊಟ್ಟಿ ಖಾಲಿ ಇರಬೇಕು, ಮೇಲಿನ ನಾಲ್ಕೂ ತುಂಬಿರಬೇಕು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಿ, ಎರಡನೇ ತೊಟ್ಟಿಯ ನೀರನ್ನು ಮೊದಲನೆಯದಕ್ಕೆ ಬಿಟ್ಟರೆ ಎರಡೂ ಸಮ. ಗೇಟು ತೆಗೆ, ದೋಣಿ ಮುಂದಕ್ಕೆ. ಹೀಗೆ ಐದು ಸಲ. ಗೇಟಿನ ಎರಡು ಕದಗಳು ಮುಚ್ಚಿದಾಗ ನೀರಿನ ಕಡೆಗೆ ಮೂಗು ಚಾಚಿ ಕೂರುತ್ತವೆ. ನೀರು ಒತ್ತಿದಷ್ಟೂ ಕದ ಬಿಗಿಯುತ್ತದೆ. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲಿ ಇಂಥ ಗೇಟಿನ ಚಿತ್ರವಿದೆ. ಶತ್ರುವಿನ ಬಲದಿಂದಲೇ ಶತ್ರುವನ್ನು ತಡೆಯುವ ಈ ಉಪಾಯಕ್ಕೆ ಕರೆಂಟು ಬೇಡ, ಡೀಸೆಲ್ ಬೇಡ, ಟೆಂಡರ್ ಕೂಡ ಬೇಡ. ಟೆಂಡರ್ ಬೇಡದ ಯಂತ್ರವನ್ನು ನನ್ನಂಥವನ ಕಣ್ಣೆದುರು ಹಗಲುಹೊತ್ತಿನಲ್ಲಿ ನಡೆಸಿ ತೋರಿಸುವುದು ಎಷ್ಟರ ಮಟ್ಟಿಗೆ ಮರ್ಯಾದೆ ಎಂಬುದನ್ನು ತಮ್ಮ ಅವಗಾಹನೆಗೆ ಬಿಡುತ್ತೇನೆ.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂದೂ ತಿಳಿದುಕೊಂಡಿದ್ದೇನೆ. ತುಂಬಿದ ತೊಟ್ಟಿಗೆ ಮೇಲಿನಿಂದ ಮತ್ತೆ ನೀರು ಬಿಟ್ಟರೆ ಅದು ಗೋಡೆಯ ತಲೆ ಮೇಲೆ ಹರಿಯುತ್ತದೆ. ಖಾಲಿ ತೊಟ್ಟಿಗೆ ಎದುರಾಗಿ ದೋಣಿ ನಿಲ್ಲಿಸಿಕೊಂಡರೆ ಹುಟ್ಟು ಹಾಕಿದರೂ ಪ್ರಯೋಜನವಿಲ್ಲ. ಅದಕ್ಕೇ ತಮ್ಮಲ್ಲಿ ದೋಣಿಯವರು ತಮಗೆ ತಾವೇ ಗೇಟು ತೆಗೆಯುವಂತಿಲ್ಲ, ಕಾವಲಿನವರು ಬಂದು ನಿಂತೇ ಆಗಬೇಕು. ಒಮ್ಮೆ ನಾನೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತವನು ತಡೆಯಲಾಗದೆ, ಅನುಭವಸ್ಥನ ಗತ್ತಿನಲ್ಲಿ, "ಆ ಕಡೆಯ ಪ್ಯಾಡಲ್ ಇನ್ನೂ ಅರ್ಧ ತಿರುವು ಎತ್ತಬಹುದು" ಎಂದೆ. ಲೈಫ್ ಜಾಕೆಟ್ ಹಾಕಿದ್ದ ಹೆಂಗಸು, ನನ್ನ ವಯಸ್ಸಿನವರೇ ಇರಬೇಕು, ಸಂಬಳವಿಲ್ಲದೆ ಸೇವೆಗೆ ಬರುವವರು, ಬಹಳ ಮರ್ಯಾದೆಯಿಂದ ನನ್ನನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಈ ಕಾಲುವೆಯ ಮೇಲೆ ನೀರು ಬಿಡುವ ಆ ಕಿಂಡಿ ಬಾಗಿಲಿಗೆ ಪ್ಯಾಡಲ್ ಎನ್ನುವುದಿಲ್ಲ, 'ಕ್ಲೌ' ಎನ್ನುತ್ತೇವೆ ಎಂದು ತಿದ್ದಿದರು. ಮೂವತ್ತಮೂರು ವರ್ಷದ ಸರ್ವೀಸು ಒಂದೇ ಅಕ್ಷರದಲ್ಲಿ ತೊಳೆದುಹೋಯಿತು. ಆಮೇಲೆ ಕರಿ ಬಣ್ಣದ, ತುದಿಗೆ ಬಿಳಿ ಬಳಿದ ಆ ದೊಡ್ಡ ತೊಲೆಗೆ ಬೆನ್ನು ಕೊಟ್ಟು ತಳ್ಳಲು ಕರೆದರು. ಕೈಯಿಂದ ತಳ್ಳಬೇಡಿ, ಕೂತಂತೆ ಒರಗಿ ಹಿಂದಕ್ಕೆ ನಡೆಯಿರಿ ಎಂದರು. ಮೊದಲು ಏನೂ ಅಲುಗಲಿಲ್ಲ. ಎರಡೂ ಕಡೆ ನೀರು ಸಮವಾಗುವವರೆಗೆ ಗೇಟು ಯಾರ ಮಾತನ್ನೂ ಕೇಳುವುದಿಲ್ಲ. ಆಮೇಲೆ, ನನ್ನ ಬೆನ್ನಿಗೇ ಮೊದಲು ಗೊತ್ತಾದ ಹಾಗೆ, ಟನ್ನುಗಟ್ಟಲೆ ಮರ ಮೆಲ್ಲಗೆ ಸರಿಯಿತು. ಆ ಸುಖವನ್ನು ಕೊಟ್ಟಿದ್ದೂ ತಮ್ಮ ಅಪರಾಧಗಳ ಪಟ್ಟಿಯಲ್ಲೇ ಸೇರುತ್ತದೆ ಎಂದು ದಯವಿಟ್ಟು ತಿಳಿಯುವುದು.

ಇನ್ನು ತಮ್ಮ ವೇಗ. 1774ರ ಮಾರ್ಚ್ 21ರಂದು ತಾವು ಉದ್ಘಾಟನೆಯಾದಾಗ ಮೊದಲ ದೋಣಿ 28 ನಿಮಿಷದಲ್ಲಿ ಇಳಿಯಿತಂತೆ. ಮೂವತ್ತು ಸಾವಿರ ಜನ ಸೇರಿದ್ದರಂತೆ, ಬಿಂಗ್ಲಿಯ ಚರ್ಚಿನ ಗಂಟೆ ಬಾರಿಸಿತಂತೆ, ಬಂದೂಕು ಹಾರಿಸಿದರಂತೆ. ಎರಡೂವರೆ ಶತಮಾನದ ಪ್ರಗತಿಯ ನಂತರ ಇವತ್ತು ದೋಣಿಯೊಂದಕ್ಕೆ ಒಂದು ಗಂಟೆ ಬೇಕಾಗುವುದೂ ಉಂಟು. ನಮ್ಮ ಕಡೆ ಇದನ್ನು ಕಾರ್ಯಕ್ಷಮತೆಯ ಕುಸಿತ ಎಂದು ಬರೆದು ಕಾರಣ ಕೇಳಿ ನೋಟಿಸು ಕೊಡುತ್ತಾರೆ. ಇಲ್ಲಿ ಅದನ್ನೇ ನೋಡಲು ಜನ ಸ್ಯಾಂಡ್‌ವಿಚ್ ಕಟ್ಟಿಕೊಂಡು ಬರುತ್ತಾರೆ. ಇಡೀ ಕಾಲುವೆಯಾದರೂ ಏನೂ ಅವಸರದ್ದಲ್ಲ. 1770ರಲ್ಲಿ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟದ್ದು, ಲೀಡ್ಸ್‌ನಿಂದ ಲಿವರ್‌ಪೂಲ್‌ವರೆಗೆ 127 ಮೈಲಿ ಮುಗಿದದ್ದು 1816ಕ್ಕೆ. ನಲವತ್ತಾರು ವರ್ಷ! ಈ ಒಂದು ವಿಷಯದಲ್ಲಿ ಮಾತ್ರ ತಮ್ಮ ಮುಂದೆ ನಾವು ತಲೆ ತಗ್ಗಿಸಬೇಕಾಗಿಲ್ಲ ಎಂದು ಹೆಮ್ಮೆಯಿಂದ ತಿಳಿಸುತ್ತೇನೆ.

ನೀರಿನ ಖರ್ಚಿನ ಬಗ್ಗೆ ಕೇಳದೆ ಇರಲಾರೆ, ಅದು ವೃತ್ತಿಯ ಚಾಳಿ. ತಮ್ಮ ತೊಟ್ಟಿಯೊಂದು 62 ಅಡಿಯ ದೋಣಿ ಹಿಡಿಯುತ್ತದೆ, ಅಗಲ 14 ಅಡಿ ಚಿಲ್ಲರೆ, ಏರಿಕೆ ಹನ್ನೆರಡು ಅಡಿಗೆ ಎರಡಂಗುಲ ಕಡಿಮೆ. ಬಸ್ಸಿನ ಟಿಕೀಟಿನ ಹಿಂದೆಯೇ ಲೆಕ್ಕ ಹಾಕಿದೆ. ಒಂದು ತೊಟ್ಟಿಗೆ ಸುಮಾರು ಮೂರು ಲಕ್ಷ ಲೀಟರ್. ಒಂದು ಎಕರೆ ಗದ್ದೆಯ ಮೇಲೆ ಮೂರು ಅಂಗುಲ ನೀರು ನಿಲ್ಲಿಸಬಹುದು. ಅಷ್ಟನ್ನು ತಾವು ಮೇಲಿನ ಕಾಲುವೆಯಿಂದ ತೆಗೆದು, ರಜೆಯ ಮೇಲಿರುವ ನಾಲ್ಕು ಜನ ಮತ್ತು ಒಂದು ಹೂಕುಂಡಕ್ಕಾಗಿ ಗುಡ್ಡದ ಕೆಳಗೆ ಹರಿಸಿಬಿಡುತ್ತೀರಿ. ಒಂದು ಗದ್ದೆಯಿಲ್ಲ, ಒಂದು ತೆನೆಯಿಲ್ಲ. ಟೇಲ್ ಎಂಡ್ ರೈತ ಯಾವನೂ ಬಂದು ಕಚೇರಿಗೆ ಮುತ್ತಿಗೆ ಹಾಕುವುದಿಲ್ಲ. ನೀರನ್ನು ಇಷ್ಟು ನಿಶ್ಚಿಂತೆಯಿಂದ ಖರ್ಚು ಮಾಡುವ ಗೇಟನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಹೋದ ಸಲ, 2025ರ ಬೇಸಗೆಯಲ್ಲಿ, ಮಳೆ ಕೈಕೊಟ್ಟು ಜಲಾಶಯಗಳು ತಳ ಕಂಡಾಗ ಈ ಕಾಲುವೆಯ ಎಷ್ಟೋ ಮೈಲಿ ದೋಣಿಗಳಿಗೆ ಮುಚ್ಚಿತು. ಯಾರ್ಕ್‌ಷೈರಿನಲ್ಲಿ ಹೋಸ್‌ಪೈಪಿಗೂ ನಿಷೇಧ ಬಂತು. ಪರದೇಶದಲ್ಲಿ ಕೂತು "ನೀರಿಲ್ಲ, ಸಹಕರಿಸಿ" ಎಂಬ ಪ್ರಕಟಣೆ ಓದುವಾಗ ಎಷ್ಟು ಆಪ್ತವೆನಿಸಿತೆಂದರೆ, ಅವತ್ತು ರಾತ್ರಿ ಸೊಗಸಾಗಿ ನಿದ್ದೆ ಬಂತು. ಈ ಉಪಕಾರಕ್ಕೆ ಪ್ರತ್ಯೇಕ ಧನ್ಯವಾದ.

ಈಗ ಕಿಟಕಿಯ ವಿಷಯ. ಮಗಳ ಮನೆ ತಮ್ಮ ಊರಿನಲ್ಲಿಲ್ಲ, ಇದೇ ಕಾಲುವೆಯ ಪಕ್ಕದ ಬೇರೆ ಊರಿನಲ್ಲಿದೆ. ನೂರೈವತ್ತು ವರ್ಷದ ಕಲ್ಲಿನ ಮನೆ. ಅದನ್ನೂ ಪರಂಪರೆ ಕಟ್ಟಡಗಳ ಪಟ್ಟಿಗೆ ಸೇರಿಸಿದ್ದಾರೆ, ಆದರೆ ಎರಡನೇ ದರ್ಜೆ. ತಾವು ಒಂದನೇ ದರ್ಜೆ. ಈ ದೇಶದಲ್ಲಿ ಪಟ್ಟಿಯಲ್ಲಿರುವ ನೂರು ಕಟ್ಟಡಗಳಲ್ಲಿ ಎರಡೋ ಮೂರೋ ಮಾತ್ರ ಆ ಪಂಕ್ತಿಯಲ್ಲಿ ಕೂರುತ್ತವೆ. ಗ್ರೂಪ್ ಎ ಅಧಿಕಾರಿ ಎಂದರೆ ನಮ್ಮ ಮನೆಯವರಿಗೂ ಅರ್ಥವಾಯಿತು. ಮಗಳು ಚಳಿಗೆ ಎರಡು ಗಾಜಿನ ಪ್ಲಾಸ್ಟಿಕ್ ಕಿಟಕಿ ಹಾಕಿಸುತ್ತೇನೆಂದು ಅರ್ಜಿ ಕೊಟ್ಟಳು. ಕಚೇರಿಯೊಂದರಿಂದ ಬಹಳ ಸೌಜನ್ಯದ ಪತ್ರ ಬಂತು. ಕಟ್ಟಡದ ಗುಣಕ್ಕೆ, ಕಾಲುವೆ ದಂಡೆಯ ಪರಿಸರಕ್ಕೆ ಅದು ಒಪ್ಪುವುದಿಲ್ಲ. ಇದ್ದ ಹಾಗೆ ಮರದ್ದೇ, ಇದ್ದ ಅಳತೆಯದ್ದೇ, ತೆಳು ಪಟ್ಟಿಯದ್ದೇ ಆಗಬೇಕು. ಮರದ ಕೆಲಸದವನು ಕೊಟ್ಟ ಎಸ್ಟಿಮೇಟು ನೋಡಿ ಅಳಿಯ ಒಂದು ದಿನ ಮಾತಾಡಲಿಲ್ಲ. ಒಪ್ಪಿಗೆಯಿಲ್ಲದೆ ಮುಟ್ಟಿದರೆ ದಂಡವಲ್ಲ, ಅಪರಾಧವೇ ಆಗುತ್ತದೆ ಎಂದೂ ತಿಳಿಯಿತು. ಹೀಗಾಗಿ ನಾನು ಮಂಕಿ ಕ್ಯಾಪ್, ಸ್ವೆಟರ್, ಅದರ ಮೇಲೆ ನಮ್ಮೂರಿನ ಕಂಬಳಿ ಹೊದ್ದು ರಾತ್ರಿ ಕಳೆಯುತ್ತಿದ್ದೇನೆ. ಕಿಟಕಿಯ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕಿದಾಗೆಲ್ಲ, ಇದು ಪರಂಪರೆಯ ಉಸಿರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ತಮ್ಮ ಕುಲಬಾಂಧವರ ಮಾನ ಕಾಪಾಡಲು ನನ್ನ ಮಂಡಿಯ ಬಲಿ ಅತ್ಯಲ್ಪ ಕಾಣಿಕೆ. ದಯಮಾಡಿ ಸ್ವೀಕರಿಸಬೇಕು.

ಆದರೆ ಮಾನ್ಯರೇ, ಒಂದು ಗುಟ್ಟನ್ನು ನಾನು ಪತ್ತೆ ಮಾಡಿದ್ದೇನೆ. ಕಿಟಕಿಯ ಚೌಕಟ್ಟು ಅಲುಗಬಾರದು ಎನ್ನುವ ಈ ದೇಶದಲ್ಲಿ ತಮ್ಮ ಗೇಟುಗಳು 1774ರವಲ್ಲ! ಓಕ್ ಮರದ ಗೇಟಿಗೆ ಇಪ್ಪತ್ತು ಇಪ್ಪತ್ತೈದು ವರ್ಷ ಆಯುಸ್ಸು. ಅಷ್ಟಾಗುತ್ತಿದ್ದಂತೆ, ಮುರಿಯುವ ಮೊದಲೇ, ಹೊಸದು ಬರುತ್ತದೆ. ವೇಕ್‌ಫೀಲ್ಡ್ ಹತ್ತಿರ ಸ್ಟ್ಯಾನ್ಲಿ ಫೆರಿ ಎನ್ನುವಲ್ಲಿ ಇದಕ್ಕೇ ಒಂದು ಕಾರ್ಖಾನೆ. ಬಡಗಿಗಳು ಒಂದೊಂದು ಲಾಕಿನ ಅಳತೆಗೆ ಒಂದೊಂದು ಗೇಟನ್ನು ಕೈಯಾರೆ ಮಾಡುತ್ತಾರೆ. ಒಂದರ ಗೇಟು ಇನ್ನೊಂದಕ್ಕೆ ಕೂರುವುದಿಲ್ಲ. ಚಳಿಗಾಲದಲ್ಲಿ ನೀರು ಬಸಿದು, ಹಳೆಯದನ್ನು ಕ್ರೇನಿನಲ್ಲಿ ಎತ್ತಿ, ಹೊಸದನ್ನು ಇಳಿಸುತ್ತಾರೆ. ಬರಿದಾದ ತೊಟ್ಟಿಯ ತಳಕ್ಕೆ ಸಾರ್ವಜನಿಕರನ್ನು ಬಿಡುವುದೂ ಉಂಟು. ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಪಾಚಿ ಹಿಡಿದ ಗೋಡೆಯನ್ನು ಮುಟ್ಟಿ ನೋಡುತ್ತವೆ. ಇದನ್ನು ಕೇಳಿದಾಗ ನಮ್ಮ ಊರ ತೇರು ನೆನಪಾಯಿತು. ಗಾಲಿ ನಮ್ಮ ತಾತನ ಕಾಲದಲ್ಲಿ ಬದಲಾಯಿತು, ಅಚ್ಚು ನಮ್ಮಪ್ಪನ ಕಾಲದಲ್ಲಿ, ಮೇಲಿನ ಗೊಂಬೆಗಳು ನಾನು ಕಾಲೇಜಿನಲ್ಲಿದ್ದಾಗ. ತೇರು ಯಾವ ಕಾಲದ್ದು ಎಂದರೆ ಊರಿನವರು ಈಗಲೂ ಪಾಳೇಗಾರರ ಕಾಲದ್ದು ಎನ್ನುತ್ತಾರೆ. ಸುಳ್ಳೇನಲ್ಲ. ಪ್ರತಿ ವರ್ಷ ಎಳೆಯುತ್ತೇವಲ್ಲ, ಅದರಿಂದಲೇ ಗಾಲಿ ಸವೆದದ್ದು ತಿಳಿಯುತ್ತದೆ. ಎಳೆಯದೆ ನಿಲ್ಲಿಸಿದ ತೇರಿಗೆ ಗೆದ್ದಲು ಹತ್ತಿದರೂ ಗೊತ್ತಾಗುವುದಿಲ್ಲ.

2024ರ ಮಾರ್ಚಿನಲ್ಲಿ ತಮಗೆ 250 ತುಂಬಿತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ನಮ್ಮ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೇ ಗೇಟಿನ ಚೈನು ಕಡಿದು, ಗೇಟು ನೀರಿನ ಜೊತೆ ಹೋಯಿತು. 33 ಗೇಟುಗಳು, ತಮ್ಮ ಮುಂದೆ ಮೊಮ್ಮಕ್ಕಳ ವಯಸ್ಸು, ಎಪ್ಪತ್ತು ವರ್ಷ. ತುಂಬಿದ ಜಲಾಶಯ, ಕೆಳಗೆ ಹೊರಳುವ ನದಿ, ಟಿವಿಯ ಮುಂದೆ ಕೂತ ನಾನು. ಕೊನೆಗೆ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆ ಸಾಹಸಕ್ಕೆ ಕೈಮುಗಿಯುತ್ತೇನೆ. ಗೇಟು ಹೋದ ಮೇಲೆ ಸಾಹಸ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ವಿಶ್ವೇಶ್ವರಯ್ಯನವರು 1903ರಲ್ಲೇ ಖಡಕ್‌ವಾಸ್ಲಾದಲ್ಲಿ, ಪ್ರವಾಹ ಏರಿದಂತೆ ತಾನಾಗಿ ತೆರೆದುಕೊಳ್ಳುವ ಗೇಟು ಕೂರಿಸಿದವರು. ಬುದ್ಧಿಗೇನೂ ಬರವಿಲ್ಲ. ಆದರೆ ಗೇಟು ಹೋಗುವ ಮೊದಲು, ಯಾರೂ ನೋಡದಿರುವಾಗ, ಗ್ರೀಸು ಹಚ್ಚುವವನಿಗೆ ಹಾರ ಹಾಕುವ ಪದ್ಧತಿ ಮಾತ್ರ ನಮ್ಮಲ್ಲಿ ಬರಲಿಲ್ಲ. ತಮ್ಮಲ್ಲಿ ದಶಕಗಳ ಕಾಲ ಲಾಕ್ ಕಾದ ಬ್ಯಾರಿ ವೈಟ್‌ಲಾಕ್ ಎಂಬವರಿಗೆ ರಾಣಿಯ ಕಡೆಯಿಂದ ಎಂಬಿಇ ಬಿರುದು ಬಂತು. ಹೆಸರಿನಲ್ಲೇ ಲಾಕ್ ಇಟ್ಟುಕೊಂಡು ಹುಟ್ಟಿದ ಪುಣ್ಯಾತ್ಮ. ನನ್ನ ಕೈಕೆಳಗೆ ಇದ್ದ ಸೌಡಿ ಇಪ್ಪತ್ತೆಂಟು ವರ್ಷ ದಿನಗೂಲಿಯಲ್ಲಿ ಗೇಟು ತಿರುಗಿಸಿದ. ರಾತ್ರಿ ಎರಡು ಗಂಟೆಗೆ ನೀರಿನ ಸದ್ದು ಕೇಳಿಯೇ ಯಾವ ತೂಬು ಎಷ್ಟು ತೆರೆದಿದೆ ಎಂದು ಹೇಳುತ್ತಿದ್ದ. ಅವನನ್ನು ಖಾಯಂ ಮಾಡಿ ಎಂದು ನಾನು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಕಡತ 'ಪರಿಶೀಲನೆಯಲ್ಲಿದೆ' ಎಂದು ಬಂತು. ಅವನು ಹೋಗಿ ಆರು ವರ್ಷವಾಯಿತು. ಕಡತ ಇನ್ನೂ ಇದೆ. ಪರಂಪರೆ ಸಂರಕ್ಷಣೆ ನಮ್ಮಲ್ಲೂ ಇದೆ ಎಂಬುದಕ್ಕೆ ಅದೇ ಸಾಕ್ಷಿ.

ಕಟ್ಟಿದವರ ಹೆಸರನ್ನು ಉಳಿಸಿಕೊಂಡು ತಾವು ಮಾಡಿದ ಗಾಯ ಬೇರೆ. ಯೋಜನೆ ಹಾಕಿದವರು ಹ್ಯಾಲಿಫ್ಯಾಕ್ಸಿನ ಜಾನ್ ಲಾಂಗ್‌ಬಾಟಮ್, ಸರಿ, ಎಂಜಿನಿಯರನ ಹೆಸರು ಹೇಗೋ ಉಳಿಯುತ್ತದೆ. ಆದರೆ ಕಲ್ಲು ಕಡಿದು ಕೂರಿಸಿದ ನಾಲ್ಕು ಜನ ಸ್ಥಳೀಯ ಕಲ್ಲುಕುಟಿಗರ ಹೆಸರೂ ಇವರಿಗೆ ಗೊತ್ತು: ಬಾರ್ನಬಸ್ ಮೊರ್ವಿಲ್, ಜೊನಾಥನ್ ಫರಾರ್, ವಿಲಿಯಂ ವೈಲ್ಡ್, ಜಾನ್ ಸಗ್ಡನ್. ನಾನು ಮಾಡಿಸಿದ ಕೆಲಸಗಳಿಗೆ ಹಾಕಿಸಿದ ಗ್ರಾನೈಟ್ ಫಲಕಗಳಲ್ಲಿ ಶಂಕುಸ್ಥಾಪಕರು, ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಎಲ್ಲರೂ ಇದ್ದಾರೆ. ಮೇಸ್ತ್ರಿ ಇಲ್ಲ. ಹಳಬರು ಹೀಗಿರಲಿಲ್ಲ ಎನ್ನುವುದೇ ಇನ್ನೂ ಸಂಕಟ. ಕೆರೆ ಕಟ್ಟಿಸಿದವರು ಅದರ ಜೊತೆಗೇ ಕಟ್ಟುಕೊಡಗೆ ಎಂದು ಗದ್ದೆ ಬಿಟ್ಟುಕೊಡುತ್ತಿದ್ದರು. ಹೂಳೆತ್ತುವ ಬಂಡಿಗೆ ಇಷ್ಟು, ತೂಬು ನೋಡುವವನಿಗೆ ಇಷ್ಟು ಎಂದು ಶಾಸನದಲ್ಲಿ ಕೊರೆಸುತ್ತಿದ್ದರು. ಕೆರೆಯ ಜೊತೆಗೇ ಕೆರೆ ನೋಡಿಕೊಳ್ಳುವವನ ಅನ್ನವನ್ನೂ ಕಟ್ಟಿಸಿದ ಜನ. ಹಂಪಿಯ ತುರ್ತಾ ಕಾಲುವೆ ವಿಜಯನಗರದ ಅರಸರ ಕಾಲದ್ದು, ಇವತ್ತಿಗೂ ಬಾಳೆತೋಟಕ್ಕೆ ನೀರು ಉಣಿಸುತ್ತದೆ. ಅದನ್ನು ಉಳಿಸಿದ್ದು ಬೋರ್ಡಲ್ಲ, ಬೆಳಿಗ್ಗೆ ಎದ್ದು ಸಲಿಕೆ ಹೆಗಲಿಗೆ ಹಾಕಿಕೊಂಡು ಬರುವ ರೈತ.

ಇಷ್ಟು ಬರೆದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ, ನನ್ನ ಸ್ವಂತ ಊರಿನ ಕೆರೆಯ ತೂಬು ರಿಪೇರಿಗೆ ಬಂತು. ಎರಡು ಎತ್ತರದ ಕಲ್ಲುಕಂಬ. ಅವಕ್ಕೆ ಅಡ್ಡಲಾಗಿ, ನಡುವೆ ತೂತು ಕೊರೆದ ಚಪ್ಪಡಿಗಳು. ಆ ತೂತುಗಳೊಳಗಿಂದ ಇಳಿದ ಉದ್ದನೆಯ ಗಳ. ಗಳದ ತುದಿಗೆ ಬಿರಡೆ. ನೀರಗಂಟಿ ಈಜಿಕೊಂಡು ಹೋಗಿ, ಚಪ್ಪಡಿಯ ಮೇಲೆ ನಿಂತು, ಗಳ ಎತ್ತಿದರೆ ಊರಿಗೆಲ್ಲ ನೀರು. ಮೇಲಿನ ಅಡ್ಡಗಲ್ಲಿನಲ್ಲಿ ಗಜಲಕ್ಷ್ಮಿ, ಕೆಳಗೆ ಮೂರು ಸಾಲು ಅಕ್ಷರ. ಚಿಕ್ಕಂದಿನಲ್ಲಿ ನಾನು ಈಜು ಕಲಿತದ್ದೇ ಆ ಕಂಬ ಮುಟ್ಟಿ ವಾಪಸು ಬರುವ ಪಂದ್ಯ ಕಟ್ಟಿ. ಸೋರುತ್ತಿದ್ದದ್ದು ಬಿರಡೆ. ಬದಲಾಯಿಸಬೇಕಾದ್ದು ಒಂದು ಮರದ ತುಂಡು. ನಾನು ಎಸ್ಟಿಮೇಟಿನಲ್ಲಿ ಬರೆದದ್ದು: "ಶಿಥಿಲ ಕಲ್ಲು ತೂಬು ಕೆಡವಿ ಆರ್‌ಸಿಸಿ ತೂಬು ನಿರ್ಮಾಣ, ಸ್ಕ್ರೂ ಗೇಟ್ ಸಹಿತ." ಅಳತೆ ಪುಸ್ತಕದಲ್ಲಿ ಅಳತೆ ಬರೆದವನೂ ನಾನೇ, ಸಹಿ ಹಾಕಿದವನೂ ನಾನೇ. ಯಾರ ಒತ್ತಡವೂ ಇರಲಿಲ್ಲ. ಹೊಸದು ಒಳ್ಳೆಯದು ಎಂದು ಮನಸಾರೆ ನಂಬಿದ್ದೆ. ಸ್ಕ್ರೂ ಗೇಟಿನ ಚಕ್ರವನ್ನು ಯಾರೋ ನಾಲ್ಕೇ ವರ್ಷದಲ್ಲಿ ಗುಜರಿಗೆ ಬಿಚ್ಚಿಕೊಂಡು ಹೋದರು. ಕಾಂಕ್ರೀಟಿನ ಕೊಳವೆ ಬಿರುಕು ಬಿಟ್ಟಿತು. ಆ ಮೂರು ಸಾಲಿನಲ್ಲಿ ಏನಿತ್ತು ಎಂದು ಯಾರೂ ಓದಿರಲಿಲ್ಲ, ನಾನೂ ಓದಲಿಲ್ಲ. ಅಳತೆ ಮಾತ್ರ ಬರೆದುಕೊಂಡಿದ್ದೆ.

ಹೋದ ವಾರ ಊರಿನಲ್ಲಿರುವ ತಮ್ಮನಿಗೆ ವಿಡಿಯೊ ಕಾಲ್ ಮಾಡಿ, ಆ ಕಲ್ಲುಗಳು ಎಲ್ಲಿವೆ ನೋಡಪ್ಪ ಎಂದೆ. ಹುಡುಕುವುದೇನೂ ಬೇಕಾಗಲಿಲ್ಲ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಫೋನು ತಿರುಗಿಸಿ ತೋರಿಸಿದ. ಕಂಬಗಳೆರಡು ಚರಂಡಿಗೆ ಅಡ್ಡ ಬಿದ್ದಿವೆ, ಮಕ್ಕಳು ದಾಟುತ್ತವೆ. ಅಡ್ಡಗಲ್ಲು ಬಟ್ಟೆ ಒಗೆಯುವ ಕಲ್ಲಾಗಿದೆ. ಗಜಲಕ್ಷ್ಮಿ ಕಾಣಲಿಲ್ಲ. ಮಗುಚಿ ಹಾಕಿದ್ದಾರೆ, ನುಣ್ಣಗಿನ ಕಡೆ ಮೇಲೆ ಬರಲಿ ಅಂತ. "ಸ್ವಲ್ಪ ಎತ್ತಿ, ಅಕ್ಷರ ಇದೆಯಾ ನೋಡು" ಎಂದೆ. "ಅಣ್ಣ, ಅದರ ಮೇಲೆ ಪಕ್ಕದ ಮನೆಯವರ ಬಟ್ಟೆ ನೆನೆ ಹಾಕಿದೆ, ಆಮೇಲೆ ನೋಡ್ತೀನಿ" ಎಂದು ಫೋನಿಟ್ಟ.

ಆದ್ದರಿಂದ ಮಾನ್ಯರಲ್ಲಿ ಕಳಕಳಿಯ ವಿನಂತಿ. ಒಂದು, ನಾನು ಬಂದು ನಿಂತಾಗ ತಾವು ಇಷ್ಟು ಚೊಕ್ಕಟವಾಗಿ ಕೆಲಸ ಮಾಡಬಾರದು. ಒಂದು ಗೇಟಾದರೂ ಕಿರುಗುಟ್ಟಿ, ಸಿಕ್ಕಿಕೊಂಡು, ಅರ್ಧ ದಿನ ದೋಣಿಗಳನ್ನು ನಿಲ್ಲಿಸಿ ನನ್ನ ಮನಸ್ಸಿಗೆ ಸ್ವಲ್ಪ ನೆಮ್ಮದಿ ಕೊಡಬೇಕು. ಎರಡು, ಕಲ್ಲಿದ್ದಲು, ಸುಣ್ಣದ ಕಲ್ಲು, ಉಣ್ಣೆ ಹೊರುವ ಕಾಲ ಮುಗಿದ ಮೇಲೆ ತಾವು ಮರ್ಯಾದೆಯಿಂದ ಪಾಳುಬಿದ್ದು, ನಾಲ್ಕು ಆಲದ ಗಿಡ ಬೆಳೆಸಿಕೊಂಡು, 'ಗತವೈಭವ' ಎನ್ನಿಸಿಕೊಳ್ಳಬಹುದಿತ್ತು. ಈಗಲೂ ತಡವಾಗಿಲ್ಲ. ಆಲ ಇಲ್ಲಿ ಬದುಕದಿದ್ದರೆ ಯಾವುದಾದರೂ ಸ್ಥಳೀಯ ಗಿಡವಾದೀತು. ಮೂರು, ಮುಂದಿನ ಸಲ ಗೇಟು ಬದಲಾಯಿಸುವಾಗ ಹಳೇ ಓಕಿನ ಒಂದು ಗೇಣುದ್ದದ ತುಂಡು ಉಳಿದರೆ, ಬಿರಡೆ ಮಾಡಿಸಲು ಬೇಕಾಗಿದೆ. ಯಾವ ತೂಬಿಗೆ ಎಂದು ಕೇಳಬಾರದು.

ಇಂತಿ ತಮ್ಮ ವಿಧೇಯ,
ಸಹಿ/-

ವಿ.ಸೂ.: ತಳದ ಗೇಟಿನ ಎಡಗಡೆ ಕದದಲ್ಲಿ, ನೀರಿನ ಮಟ್ಟದಿಂದ ಮೂರನೇ ಹಲಗೆಯ ಸಂದಿಯಲ್ಲಿ, ಬೆರಳು ಗಾತ್ರದ ಸೋರಿಕೆ ಕಂಡಿದ್ದೇನೆ. ಹೋದ ತಿಂಗಳು ಕಿರುಬೆರಳು ಗಾತ್ರ ಇತ್ತು. ಲೈಫ್ ಜಾಕೆಟಿನ ಆ ಹೆಂಗಸಿಗೆ ಹೇಳಿದ್ದೇನೆ, ಅವರು ಆಗಲೇ ಪುಸ್ತಕದಲ್ಲಿ ಬರೆದುಕೊಂಡಿದ್ದರು.